ನಿಲ್ದಾಣಕ್ಕೊಂದು ಕಿಂಡಿ

ನಮ್ಮ ಮನೆ ತಾರಸಿ ಮೇಲೆ ನಿಂತರೆ ರೈಲು ಹಳಿ ಕಾಣುತ್ತದೆ. ಗೂಡ್ಸ್ ಗಾಡಿ ಬಂದರೆ ಡಬ್ಬಿ ಎಣಿಸಬಹುದು, ಅಷ್ಟು ಹತ್ತಿರ. ಆ ಹಳಿ ಪಕ್ಕದಲ್ಲೇ ಸಬರ್ಬನ್ ರೈಲಿನ ನಿಲ್ದಾಣ ಬರುತ್ತದೆ ಅಂತ ಗೊತ್ತಾದ ಮೇಲೆ, ಒಂದು ಭಾನುವಾರ ಸುಮ್ನೆ ಅಲ್ಲಿಯವರೆಗೆ ನಡೆದು ಬಂದೆ. ಮ್ಯಾಪಿನಲ್ಲಿ ನೇರ ಗೆರೆ ಎಳೆದರೆ 400 ಮೀಟರ್. ನನ್ನ ಫೋನು ತೋರಿಸಿದ್ದು 1,150.

ಮಿಕ್ಕ 750 ಮೀಟರ್ ಎಲ್ಲಿಂದ ಬಂತು? ನಮ್ಮ ಲೇಔಟಿನ ಕೊನೆಗೊಂದು ಗೋಡೆ. ಅದರಾಚೆ ಒಂದು ಅಪಾರ್ಟ್‌ಮೆಂಟಿನ ಕಾಂಪೌಂಡು. ಅದನ್ನು ಬಳಸಿಕೊಂಡು ಹೋದರೆ ರಾಜಕಾಲುವೆ. ಹಾಗಾಗಿ ಮೇನ್ ರೋಡಿಗೆ ಬಂದು, ಅದರುದ್ದಕ್ಕೂ ನಡೆದು, ಮತ್ತೆ ಹಿಂದಕ್ಕೆ ತಿರುಗಬೇಕು. ವಾಪಸ್ ಬರುವಾಗ ಒಂದು ತಮಾಷೆ ಕಂಡೆ. ಲೇಔಟಿನ ಗೋಡೆಯಲ್ಲಿ ಯಾರೋ ಆರೇಳು ಸಿಮೆಂಟ್ ಬ್ಲಾಕ್ ಕಿತ್ತು ಕಿಂಡಿ ಮಾಡಿದ್ದಾರೆ. ಹೂ ಮಾರುವ ಹೆಂಗಸೊಬ್ಬರು ಬುಟ್ಟಿಯನ್ನು ಮೊದಲು ಆಚೆ ಇಟ್ಟು, ಆಮೇಲೆ ತಾವು ತೂರಿಕೊಂಡು ಹೋದರು. ಅವರ ಲೆಕ್ಕದಲ್ಲಿ ನಮ್ಮ ಏರಿಯಾದ ನಕ್ಷೆಯೇ ಬೇರೆ.

ಬೆಂಗಳೂರು ಉಪನಗರ ರೈಲು ಯೋಜನೆಗೆ ಕೇಂದ್ರ ಸಂಪುಟ 2020ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು. ನಾಲ್ಕು ಮಾರ್ಗ, ಒಟ್ಟು 148 ಕಿಲೋಮೀಟರ್, ಅಂದಾಜು ವೆಚ್ಚ 15,767 ಕೋಟಿ ರೂಪಾಯಿ. ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಚೆಂದದ ಹೆಸರುಗಳು. ಮೊದಲು ಕೈಗೆತ್ತಿಕೊಂಡದ್ದು ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ ಹೋಗುವ ಮಲ್ಲಿಗೆ, ಸುಮಾರು 25 ಕಿಲೋಮೀಟರ್. ಹಳಿ, ಕಂಬ, ಬೋಗಿ ಇವೆಲ್ಲದರ ಸುದ್ದಿ ಪೇಪರಿನಲ್ಲಿ ಬರುತ್ತದೆ. ಮನೆಯಿಂದ ಪ್ಲಾಟ್‌ಫಾರ್ಮಿನವರೆಗಿನ ಕೊನೆಯ ಅರ್ಧ ಕಿಲೋಮೀಟರಿನ ಸುದ್ದಿ ಬರುವುದು ಕಡಿಮೆ. ರೈಲು ತುಂಬುತ್ತದೋ ಖಾಲಿ ಓಡುತ್ತದೋ ಅನ್ನುವುದು ಬಹಳ ಮಟ್ಟಿಗೆ ತೀರ್ಮಾನವಾಗುವುದು ಅಲ್ಲೇ.

ಒಂದು ನಿಲ್ದಾಣಕ್ಕೆ ಎಲ್ಲೆಲ್ಲಿಂದ ಜನ ಬರುತ್ತಾರೋ ಆ ಜಾಗಕ್ಕೆ ಯೋಜನೆ ಮಾಡುವವರು ‘ಕ್ಯಾಚ್‌ಮೆಂಟ್’ ಅನ್ನುತ್ತಾರೆ. ಕೆರೆಗೆ ನೀರು ಹರಿದು ಬರುವ ಪ್ರದೇಶಕ್ಕೂ ಇದೇ ಪದ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಎಷ್ಟೇ ಬರಲಿ, ಕಾಲುವೆ ಮುಚ್ಚಿದರೆ ಕೆರೆ ಒಣಗುತ್ತದೆ. ನಿಲ್ದಾಣವೂ ಒಂದು ಕೆರೆ. ಓಣಿ, ಕ್ರಾಸು, ಕಿಂಡಿಗಳೇ ಅದರ ಕಾಲುವೆ.

ಜನ ಹತ್ತು ನಿಮಿಷ ನಡೆಯಲು ತಯಾರು ಅಂತ ಇಟ್ಟುಕೊಳ್ಳೋಣ. ಅಂದರೆ ಸುಮಾರು 800 ಮೀಟರ್. ನಿಲ್ದಾಣವನ್ನು ನಡುವೆ ಇಟ್ಟು 800 ಮೀಟರಿನ ವೃತ್ತ ಎಳೆದರೆ ಒಳಗೆ ಸಿಗುವುದು 2 ಚದರ ಕಿಲೋಮೀಟರ್. ಪ್ರೆಸೆಂಟೇಶನ್‌ಗಳಲ್ಲಿ ತೋರಿಸುವುದು ಈ ವೃತ್ತವನ್ನೇ. ಆದರೆ ವೃತ್ತ ಕಾಗೆಗೆ, ಮನುಷ್ಯರಿಗಲ್ಲ. ಜಯನಗರದ ಹಾಗೆ ಮೇನು, ಕ್ರಾಸು ಅಂತ ಚೌಕಾಕಾರದಲ್ಲಿ ಹೆಣೆದ ಬಡಾವಣೆಯಲ್ಲೂ ನಾವು ಮೂಲೆಯಿಂದ ಮೂಲೆಗೆ ಓರೆಯಾಗಿ ನಡೆಯಲಾರೆವು. ಅಷ್ಟು ಉದ್ದ, ಇಷ್ಟು ಅಗಲ ಅಂತಲೇ ನಡೆಯಬೇಕು. ಆಗ 800 ಮೀಟರ್ ನಡಿಗೆಗೆ ಸಿಗುವ ಜಾಗ ವೃತ್ತವಲ್ಲ, ಗಾಳಿಪಟದ ಹಾಗೆ ಮೂಲೆ ಮೇಲೆ ನಿಂತ ಚೌಕ. ಅದರ ವಿಸ್ತೀರ್ಣ 1.28 ಚದರ ಕಿಲೋಮೀಟರ್. ಒಳ್ಳೆಯ ಬಡಾವಣೆಯಲ್ಲೇ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಹೋಯಿತು!

ಇನ್ನು ಗೋಡೆಗಳ ವಿಷಯ. ಇಲ್ಲಿ ಗಣಿತದ ವರ್ಗದ (ಸ್ಕ್ವೇರ್) ಲೆಕ್ಕ ಅಡಗಿದೆ. ಸುತ್ತುದಾರಿಯಿಂದ ನಡಿಗೆ ಎಲ್ಲ ಕಡೆಯೂ ಎರಡರಷ್ಟಾಯಿತು ಅನ್ನಿ. ಹತ್ತು ನಿಮಿಷದಲ್ಲಿ ತಲುಪಬಲ್ಲ ಜನ ಅರ್ಧಕ್ಕೆ ಇಳಿಯುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತಾರೆ. ದೂರ ಅರ್ಧವಾದರೆ ವಿಸ್ತೀರ್ಣ ಕಾಲಾಗುತ್ತದೆ, ಅಷ್ಟೇ. ನನ್ನ ಭಾನುವಾರದ ನಡಿಗೆಯಲ್ಲಿ ಸುತ್ತು ಮೂರು ಪಟ್ಟಿನ ಹತ್ತಿರ ಇತ್ತು. ಒಂಬತ್ತರಲ್ಲಿ ಒಂದು ಪಾಲು!

ಬೆಂಗಳೂರಿನ ಅಂಚಿನಲ್ಲಿ ಈ ಸುತ್ತು ಯಾಕಿಷ್ಟು ಅನ್ನುವುದಕ್ಕೆ ಉತ್ತರ ಹಳೇ ಹೊಲಗಳಲ್ಲಿದೆ. ಹಳೇ ಬಡಾವಣೆಗಳನ್ನು ಒಟ್ಟಿಗೆ ನಕ್ಷೆ ಹಾಕಿ ಮಾಡಿದರು, ರಸ್ತೆಗೆ ರಸ್ತೆ ಕೂಡಿತು. ಅಂಚಿನ ರೆವಿನ್ಯೂ ಲೇಔಟುಗಳು ಹುಟ್ಟಿದ್ದು ಹಾಗಲ್ಲ. ಒಬ್ಬರ ಸರ್ವೆ ನಂಬರಿನ ಎರಡೆಕರೆ ಒಂದು ಲೇಔಟು, ಪಕ್ಕದವರ ಮೂರೆಕರೆ ಇನ್ನೊಂದು. ಇವರ ರಸ್ತೆ ಅವರ ಬೇಲಿಗೆ ಬಂದು ನಿಲ್ಲುತ್ತದೆ. ರಾಗಿ ಹೊಲದ ಬದು ಇವತ್ತು ಕಾಂಪೌಂಡ್ ಗೋಡೆಯಾಗಿ ಬದುಕಿದೆ. ಬದುವಿನ ಮೇಲೆ ಎತ್ತು ಹೊಡೆದುಕೊಂಡು ಹೋಗಬಹುದಿತ್ತು. ಗೋಡೆಯ ಮೇಲೆ ಆಗಲ್ಲ ಅಲ್ವಾ?

ಇಷ್ಟರ ಮೇಲೆ ಹಳಿಯೇ ಒಂದು ಗೋಡೆ. ಮೆಟ್ರೋ ಕಂಬದ ಮೇಲೆ ಹೋದರೆ ಕೆಳಗೆ ರಸ್ತೆ ದಾಟಬಹುದು. ಹಲವು ಮೆಟ್ರೋ ನಿಲ್ದಾಣಗಳ ಮೊದಲ ಮಹಡಿಯಲ್ಲಿ ಟಿಕೆಟ್ ಇಲ್ಲದೆಯೂ ಈ ಬದಿಯಿಂದ ಆ ಬದಿಗೆ ಹೋಗಬಹುದು. ನೆಲದ ಮೇಲಿನ ರೈಲಿಗೆ ಆ ಅನುಕೂಲ ಇಲ್ಲ. ಹಳಿ ದಾಟುವುದು ರೈಲ್ವೆ ಕಾಯ್ದೆ 1989ರ ಕಲಂ 147ರ ಪ್ರಕಾರ ಅಪರಾಧ, ಜೀವಕ್ಕೂ ಅಪಾಯ. ನಿಲ್ದಾಣದ ಬಾಗಿಲು ಒಂದೇ ಬದಿಗಿದ್ದರೆ ಆ 1.28ರಲ್ಲಿ ಅರ್ಧ ಹೋಯಿತು. ಉಳಿದದ್ದು 0.64. ನಗರದ ಸರಾಸರಿ ಸಾಂದ್ರತೆ 2011ರ ಜನಗಣತಿ ಹೊತ್ತಿಗೇ ಚದರ ಕಿಲೋಮೀಟರಿಗೆ ಸುಮಾರು ಹನ್ನೆರಡು ಸಾವಿರದ ಆಸುಪಾಸು ಇತ್ತು. ಅದನ್ನೇ ಹಿಡಿದರೂ, ಇನ್ನೊಂದು ಬದಿಗೆ ಒಂದು ಬಾಗಿಲು ಇಡುವುದು ಅಂದರೆ ಏಳು ಸಾವಿರಕ್ಕಿಂತ ಜಾಸ್ತಿ ಜನರನ್ನು ನಿಲ್ದಾಣದ ಹತ್ತಿರಕ್ಕೆ ತಂದ ಹಾಗೆ. ಉಡುಪಿಯಲ್ಲಿ ಕನಕನಿಗೆ ಹಿಂಬದಿಯ ಗೋಡೆಯಲ್ಲೇ ಕಿಂಡಿ ಸಿಕ್ಕಿತು ಅಂತ ಕತೆ. ಹೀಲಲಿಗೆಯಿಂದ ರಾಜಾನುಕುಂಟೆಗೆ ಹೋಗುವ ಕನಕ ಮಾರ್ಗಕ್ಕೂ ಬೇಕಾಗುವುದು ಅದೇ.

ಆ ಬದಿಗೆ ದಾಟಿಸುವುದು ಹೇಗೆ? ಕೂಡಲೇ ಹೊಳೆಯುವುದು ಮೇಲ್ಸೇತುವೆ. ಕರೆಂಟ್ ತಂತಿ ಇರುವ ಹಳಿಯ ಮೇಲೆ ಸೇತುವೆ ಕಟ್ಟಿದರೆ ಅದರ ನೆಲ ಸುಮಾರು 7 ಮೀಟರ್ ಎತ್ತರದಲ್ಲಿರುತ್ತದೆ. 15 ಸೆಂಟಿಮೀಟರಿನ ಮೆಟ್ಟಿಲಾದರೆ 47 ಮೆಟ್ಟಿಲು. 60 ಕಿಲೋ ತೂಕದವರು ಅಷ್ಟು ಹತ್ತಲು ದೇಹ ಸುಡುವ ಶಕ್ತಿ, ಸಮನೆಲದಲ್ಲಿ ಎಂಬತ್ತು ಮೀಟರ್ ನಡೆದಷ್ಟೇ. ಕೇಳಿದರೆ ಏನೂ ಅಲ್ಲ ಅನ್ನಿಸುತ್ತದೆ. ಆದರೆ ಮಂಡಿ ಕ್ಯಾಲೊರಿ ಲೆಕ್ಕ ಹಾಕುವುದಿಲ್ಲ. ಕೃತಕ ಮಂಡಿಯೊಳಗೇ ಅಳತೆಯ ಉಪಕರಣ ಇಟ್ಟು ನೋಡಿದ್ದಾರೆ. ಮೆಟ್ಟಿಲು ಇಳಿಯುವಾಗ ಮಂಡಿಯ ಮೇಲೆ ದೇಹದ ತೂಕದ ಮೂರೂವರೆ ಪಟ್ಟಿನಷ್ಟು ಭಾರ ಬೀಳುತ್ತದೆ. ನಮ್ಮಮ್ಮ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದಕ್ಕೆ ಯಾಕೆ ಹೆದರುತ್ತಾರೆ ಅಂತ ಇದನ್ನು ಓದಿದ ಮೇಲೆ ಅರ್ಥವಾಯಿತು.

ಮೆಟ್ಟಿಲ ಬದಲು ಇಳಿಜಾರು ಮಾಡೋಣ ಅಂದರೆ, ಗಾಲಿಕುರ್ಚಿಗೆ ಹನ್ನೆರಡಕ್ಕೆ ಒಂದು ಅನ್ನುವ ಲೆಕ್ಕ. 7 ಮೀಟರ್ ಏರಲು 84 ಮೀಟರ್ ಉದ್ದ, ಮಧ್ಯೆ ದಣಿವಾರಿಸಿಕೊಳ್ಳುವ ಕಟ್ಟೆಗಳು ಬೇರೆ. ಲಿಫ್ಟ್ ಇಡಬಹುದು, ಕೆಟ್ಟರೆ ಮುಗಿಯಿತು. ಕೆಳದಾರಿ ಇದಕ್ಕಿಂತ ಜಾಣತನದ್ದು. ತಲೆ ಮೇಲೆ ಎರಡೂವರೆ ಮೀಟರ್ ಜಾಗ ಇದ್ದರೆ ಮನುಷ್ಯರಿಗೆ ಸಾಕು. ರೈಲಿಗೆ, ತಂತಿಗೆ ಬೇಕಾದಷ್ಟು ಎತ್ತರ ಬೇಡ. ಹಳಿ ಏರಿಯ ಮೇಲಿದ್ದರಂತೂ ಒಂದೆರಡು ಮೀಟರ್ ಇಳಿದರೆ ಆಯಿತು. ಆದರೆ ನಮ್ಮೂರಿನ ಮಳೆ ಗೊತ್ತಲ್ಲ. 2023ರ ಮೇ ತಿಂಗಳಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ನೀರು ತುಂಬಿ ಕಾರಿನಲ್ಲಿದ್ದ ಯುವತಿ ತೀರಿಕೊಂಡರು. ಕೆಳದಾರಿ ಕಟ್ಟುವವರು ಮೊದಲು ನೋಡಬೇಕಾದ್ದು ನೀರು ಹೋಗುವ ದಾರಿಯನ್ನು, ಆಮೇಲೆ ಜನ ಹೋಗುವ ದಾರಿಯನ್ನು.

ಬಾಗಿಲು ಸಿಕ್ಕಿತು ಅನ್ನಿ. ಹೊರಗೆ ಬಂದವರು ಎಲ್ಲಿ ನಡೆಯುತ್ತಾರೆ? ರೈಲಿನಿಂದ ಜನ ನಲ್ಲಿ ನೀರಿನ ಹಾಗೆ ಸಮನಾಗಿ ಬರುವುದಿಲ್ಲ, ಕೊಡ ಬೋರಲು ಹಾಕಿದ ಹಾಗೆ ಬರುತ್ತಾರೆ. ಅಮೆರಿಕದ ಜಾನ್ ಫ್ರುಯಿನ್ ಎಂಬ ಎಂಜಿನಿಯರ್ 1971ರಲ್ಲಿ ಪ್ರಕಟಿಸಿದ ಅಳತೆಗಳನ್ನು ಇವತ್ತಿಗೂ ಬಳಸುತ್ತಾರೆ. ಒಂದು ಮೀಟರ್ ಅಗಲದ ದಾರಿಯಲ್ಲಿ ನಿಮಿಷಕ್ಕೆ ಹೆಚ್ಚೆಂದರೆ ಎಂಬತ್ತು ಜನ ಸಾಗಬಹುದು. ಅದೂ ಭುಜಕ್ಕೆ ಭುಜ ತಾಗಿಸಿಕೊಂಡು. ಮೆಟ್ಟಿಲ ಮೇಲೆ ಇನ್ನೂ ಕಡಿಮೆ. ಒಂದೇ ಸಲ 400 ಜನ ಇಳಿದು, ಗೇಟಿನ ಮುಂದಿನ ಫುಟ್‌ಪಾತಿನಲ್ಲಿ ಟ್ರಾನ್ಸ್‌ಫಾರ್ಮರ್ ಕೂತು ಒಂದೇ ಮೀಟರ್ ಉಳಿದಿದ್ದರೆ, ಕೊನೆಯವರು ದಾಟಲು ಐದು ನಿಮಿಷ ಬೇಕು. ಅಷ್ಟು ಹೊತ್ತು ಯಾರು ಕಾಯುತ್ತಾರೆ? ರಸ್ತೆಗೆ ಇಳಿಯುತ್ತಾರೆ. ಆಟೋದವರೂ ಅಲ್ಲೇ ಇರುತ್ತಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ವಸತಿ ಪ್ರದೇಶದಲ್ಲೂ ಕನಿಷ್ಠ 1.8 ಮೀಟರ್ ತೆರವು ಇರಬೇಕು, ಫುಟ್‌ಪಾತಿನ ಎತ್ತರ 15 ಸೆಂಟಿಮೀಟರ್ ಮೀರಬಾರದು ಅನ್ನುತ್ತದೆ. ನಮ್ಮ ಫುಟ್‌ಪಾತ್ ಅಂದರೆ ಬಹಳ ಕಡೆ ಮೋರಿ ಮೇಲಿನ ಚಪ್ಪಡಿ. ಪ್ರತಿ ಗೇಟಿಗೂ ಇಳಿದು, ಮತ್ತೆ ಹತ್ತಬೇಕು. ಆ 47 ಮೆಟ್ಟಿಲನ್ನು ಉದ್ದಕ್ಕೆ ಹಾಸಿಟ್ಟ ಹಾಗೆ.

ರಸ್ತೆ ದಾಟುವುದೂ ಲೆಕ್ಕವೇ. ಸಿಗ್ನಲ್ ಹಾಕುವಾಗ ಸೆಕೆಂಡಿಗೆ 1.2 ಮೀಟರ್ ನಡಿಗೆ ಅಂತ ಹಿಡಿಯುವುದು ವಾಡಿಕೆ. 24 ಮೀಟರ್ ರಸ್ತೆಗೆ 20 ಸೆಕೆಂಡ್. ನಮ್ಮಮ್ಮನ ನಡಿಗೆ 0.8ರ ಹತ್ತಿರ. ಹಸಿರು ಮುಗಿದಾಗ ಅವರು ರಸ್ತೆಯ ಮೂರನೇ ಎರಡು ಭಾಗದಲ್ಲಿರುತ್ತಾರೆ. ಇನ್ನು ಹಸಿರಿಗಾಗಿ ಕಾಯುವುದು ಮೂವತ್ತು ಸೆಕೆಂಡ್ ದಾಟಿದರೆ ಜನ ತಾಳ್ಮೆ ಕಳೆದುಕೊಂಡು ನುಗ್ಗುತ್ತಾರೆ ಅನ್ನುವುದು ಟ್ರಾಫಿಕ್ ಎಂಜಿನಿಯರುಗಳಿಗೆ ಗೊತ್ತಿರುವ ಮಾತು.

ನೆರಳನ್ನು ಅಲಂಕಾರ ಅಂದುಕೊಳ್ಳುವವರು ಜಾಸ್ತಿ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೆಂಗಳೂರಿನ ರಸ್ತೆಗಳಲ್ಲೇ ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಮರವಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿ 5.6 ಡಿಗ್ರಿಯವರೆಗೆ ತಂಪಿತ್ತು. ಟಾರಿನ ಮೈ 27.5 ಡಿಗ್ರಿಯವರೆಗೆ ತಂಪಿತ್ತು. ಆ ಎರಡನೇ ಅಂಕಿಯೇ ಮುಖ್ಯ. ಬಿಸಿಲಲ್ಲಿ ನಡೆಯುವವರಿಗೆ ಮೇಲಿಂದ ಸೂರ್ಯ, ಕೆಳಗಿಂದ ರಸ್ತೆ. ಎರಡೂ ಕಡೆ ಬೇಯುತ್ತೇವೆ, ದೋಸೆ ಮಗುಚಿದ ಹಾಗೆ. ನಡೆಯುವ ನಿಮಿಷವನ್ನು ಜನ ಗಾಡಿಯೊಳಗೆ ಕೂತ ನಿಮಿಷದ ಎರಡರಷ್ಟು ಭಾರವಾಗಿ ಎಣಿಸುತ್ತಾರೆ ಅನ್ನುವುದು ಸಾರಿಗೆ ಲೆಕ್ಕಾಚಾರದಲ್ಲಿ ಹಳೆಯ ಸೂತ್ರ. ಹೊಂಗೆ ಮರದ ಕೆಳಗೆ ಆ ಭಾರ ಇಳಿಯುತ್ತದೆ ಅಂತ ನಾನು ಯಾವ ಸೂತ್ರವೂ ಇಲ್ಲದೆ ಹೇಳಬಲ್ಲೆ.

ಹಾಗಾದರೆ ಎರಡೂ ಬದಿಗೆ ಬಾಗಿಲು ಇಡಲು ಹಿಂಜರಿಕೆ ಯಾಕೆ? ಹಿಂಜರಿಯುವವರ ಕಡೆಯೂ ನ್ಯಾಯವಿದೆ. ಮೆಟ್ರೋದಲ್ಲಿ ನೋಡಿದ್ದೀರಲ್ಲ, ಪ್ರತಿ ಬಾಗಿಲಿಗೂ ಬ್ಯಾಗ್ ತಪಾಸಣೆಯ ಯಂತ್ರ, ಟಿಕೆಟ್ ಗೇಟು, ಬೆಳಿಗ್ಗೆಯಿಂದ ರಾತ್ರಿವರೆಗೆ ಪಾಳಿಯಲ್ಲಿ ಸಿಬ್ಬಂದಿ. ಆ ಖರ್ಚು ವರ್ಷವರ್ಷವೂ ನಿಲ್ದಾಣದ ಲೆಕ್ಕದಲ್ಲಿ ಕಾಣುತ್ತದೆ. ಬಾಗಿಲು ಇಲ್ಲದ್ದರಿಂದ ಬಾರದೆ ಹೋದವರು ಯಾವ ಲೆಕ್ಕದಲ್ಲೂ ಕಾಣುವುದಿಲ್ಲ, ಅವರು ಸ್ಕೂಟರ್ ಸ್ಟಾರ್ಟ್ ಮಾಡಿಕೊಂಡು ಹೋಗಿಬಿಡುತ್ತಾರೆ. ಇನ್ನು ಲೇಔಟಿನ ಗೋಡೆಗೆ ಕಿಂಡಿ ಇಡಿ ಅಂದರೆ ಕಳ್ಳತನದ ಭಯ. ನಮ್ಮಲ್ಲೂ ಆ ಮಾತು ಬಂತು. ಕೊನೆಗೆ, ಬೆಳಿಗ್ಗೆ ಐದರಿಂದ ರಾತ್ರಿ ಹನ್ನೊಂದರವರೆಗೆ ತೆರೆದಿರುವ ಒಂದು ಕಬ್ಬಿಣದ ಗೇಟು, ಅದರ ಮೇಲೊಂದು ಲೈಟು ಅನ್ನುವಷ್ಟಕ್ಕೆ ಮಾತುಕತೆ ಬಂದು ನಿಂತಿದೆ.

ಹೋದ ತಿಂಗಳು ಯಾರೋ ಆ ಕಿಂಡಿಯನ್ನು ಹೊಸ ಸಿಮೆಂಟಿನಲ್ಲಿ ಮುಚ್ಚಿದರು. ಈಗ ಗೋಡೆಯ ಎರಡೂ ಬದಿಗೆ ಎರಡೆರಡು ಬ್ಲಾಕ್ ಪೇರಿಸಿಟ್ಟಿದೆ, ಮೆಟ್ಟಿಲ ಹಾಗೆ.