ಬಾಗಿಲಾಚೆ ನಿಂತವನು ಪೇತ್ರನೋ, ಅವನ ದೂತನೋ?

ರಾತ್ರಿ ಹೊತ್ತು. ಯೆರೂಸಲೇಮಿನ ಒಂದು ಮನೆಯಲ್ಲಿ ಬಾಗಿಲು ಹಾಕಿಕೊಂಡು ಪ್ರಾರ್ಥನೆ ನಡೆದಿದೆ. ಅರಸ ಹೆರೋದನ ಸೆರೆಯಲ್ಲಿರುವ ಯೇಸುವಿನ ಶಿಷ್ಯ ಪೇತ್ರನಿಗಾಗಿ ಪ್ರಾರ್ಥನೆ. ಅಷ್ಟರಲ್ಲಿ ಯಾರೋ ಬಾಗಿಲು ತಟ್ಟುತ್ತಾರೆ. ಕೆಲಸದ ಹುಡುಗಿ ರೋದೆ ಹೋಗಿ ಕಿವಿಗೊಟ್ಟರೆ ಪೇತ್ರನದೇ ದನಿ! ಖುಷಿಯಲ್ಲಿ ಬಾಗಿಲು ತೆಗೆಯುವುದನ್ನೇ ಮರೆತು ಒಳಗೆ ಓಡುತ್ತಾಳೆ. ನಿನಗೆ ಹುಚ್ಚು ಹಿಡಿದಿದೆ ಅನ್ನುತ್ತಾರೆ ಒಳಗಿದ್ದವರು. ಅವಳು ಪಟ್ಟು ಬಿಡುವುದಿಲ್ಲ. ಹಾಗಾದರೆ ಅದು ಅವನ ದೂತನಿರಬೇಕು ಎಂದು ತೀರ್ಮಾನಿಸುತ್ತಾರೆ. ಪೇತ್ರ, ಪಾಪ, ಬೀದಿಯಲ್ಲಿ ನಿಂತು ತಟ್ಟುತ್ತಲೇ ಇದ್ದಾನೆ.

ಬೈಬಲಿನ ಅಪೊಸ್ತಲರ ಕೃತ್ಯಗಳ 12ನೇ ಅಧ್ಯಾಯದ ಈ ಪ್ರಸಂಗ ನಗು ತರಿಸುತ್ತದೆ. ಅವನನ್ನು ಸೆರೆಯಿಂದ ಬಿಡಿಸಿ ತಂದದ್ದು ದೇವದೂತನೇ. ಈಗ ಅವನನ್ನೇ ದೂತ ಎಂದುಕೊಂಡು ಹೊರಗೆ ನಿಲ್ಲಿಸಿದ್ದಾರೆ. ಆದರೆ 'ಅವನ ದೂತ' ಎಂಬ ಆ ಮಾತನ್ನು ಗಮನಿಸಿ. ಒಬ್ಬೊಬ್ಬರಿಗೂ ಒಬ್ಬ ದೂತನಿರುತ್ತಾನೆ ಎಂಬ ನಂಬಿಕೆ ಆ ಮನೆಯವರಿಗೆ ಆಗಲೇ ಇತ್ತು. ಯೇಸುವಿನ ಬಾಯಲ್ಲೂ ಇದಕ್ಕೆ ಹತ್ತಿರದ ಮಾತೊಂದಿದೆ: ಈ ಚಿಕ್ಕವರಲ್ಲಿ ಒಬ್ಬರನ್ನೂ ಕೀಳಾಗಿ ಕಾಣಬೇಡಿ, ಸ್ವರ್ಗದಲ್ಲಿರುವ ಇವರ ದೂತರು ಸದಾ ತಂದೆಯ ಮುಖ ನೋಡುತ್ತಿರುತ್ತಾರೆ (ಮತ್ತಾಯ 18:10). ಕಾವಲು ದೂತರ ವಿಚಾರಕ್ಕೆ ಹೊಸ ಒಡಂಬಡಿಕೆಯಲ್ಲಿ ಸಿಗುವ ನೇರ ಆಧಾರ ಹೆಚ್ಚೂಕಡಿಮೆ ಇಷ್ಟೇ. ಉಳಿದದ್ದನ್ನು ಕಟ್ಟಿದ್ದು ಜನರ ಪ್ರೀತಿ. ಅದು ಯಾವಾಗಲೂ ಮುಂದೆ ಓಡಿದೆ, ಕ್ರೈಸ್ತ ಸಭೆ, ಅಂದರೆ ಚರ್ಚು, ಹಿಂದಿನಿಂದ ಹಗ್ಗ ಹಿಡಿದು ಎಳೆದಿದೆ.

ಪೂರ್ತಿ ಕಥೆ ಬೇಕೆಂದರೆ ತೊಬೀತನ ಗ್ರಂಥಕ್ಕೆ ಹೋಗಬೇಕು. ಕುರುಡನಾದ ತೊಬೀತ ಒಬ್ಬರ ಬಳಿ ಇಟ್ಟಿದ್ದ ಹಣ ತರಲು ಮಗನನ್ನು ದೂರದೂರಿಗೆ ಕಳಿಸುತ್ತಾನೆ. ದಾರಿ ಬಲ್ಲವನೊಬ್ಬ ದಿನಕ್ಕೊಂದು ದ್ರಾಕ್ಮ ಕೂಲಿಗೆ ಜೊತೆಯಾಗುತ್ತಾನೆ, ಹಿಂದೆ ಮನೆಯ ನಾಯಿ. ತಿಗ್ರಿಸ್ ನದಿಯಲ್ಲಿ ಹಿಡಿದ ಮೀನಿನ ಪಿತ್ತದಿಂದ ಕೊನೆಗೆ ಅಪ್ಪನ ಕಣ್ಣು ಬರುತ್ತದೆ. ಕೂಲಿ ಲೆಕ್ಕ ಮಾಡುವಾಗಷ್ಟೇ ಆ ಸಂಗಾತಿ ರಫಾಯೇಲ ದೂತನೆಂದು ತಿಳಿಯುವುದು. ಕಥೋಲಿಕರ 73 ಪುಸ್ತಕಗಳ ಬೈಬಲಿನಲ್ಲಿ ಈ ಕಥೆಯಿದೆ, ಪ್ರೊಟೆಸ್ಟಂಟರ 66ರಲ್ಲಿ ಇಲ್ಲ. ಒಂದೇ ಬೀದಿಯ ಎರಡು ಕ್ರೈಸ್ತ ಮನೆಗಳಲ್ಲಿ ದೂತರ ಮಾತಿಗೆ ಬೇರೆಬೇರೆ ಬಿಸಿ ಇರುವುದಕ್ಕೆ ಇದೂ ಒಂದು ಕಾರಣ.

ನಾಲ್ಕನೆಯ ಶತಮಾನದ ಕೊನೆಗೆ ಸಂತ ಜೆರೋಮ್, ಹುಟ್ಟಿದಾಗಿನಿಂದಲೇ ಪ್ರತಿ ಆತ್ಮಕ್ಕೂ ಒಬ್ಬ ದೂತನ ನೇಮಕವಾಗಿರುತ್ತದೆ ಎಂದು ಬರೆದ. ಹುಟ್ಟಿದಾಗಲೋ, ಜ್ಞಾನಸ್ನಾನವಾದಾಗಲೋ ಎಂಬ ಚರ್ಚೆ ಮುಂದೆಯೂ ನಡೆಯಿತು. 13ನೇ ಶತಮಾನದ ಥಾಮಸ್ ಅಕ್ವಿನಾಸ್ ಹುಟ್ಟಿನ ಪಕ್ಷ ಹಿಡಿದ. ಹೊಟ್ಟೆಯಲ್ಲಿರುವ ಮಗುವಿನ ಗತಿ? ತಾಯಿಯ ದೂತನೇ ಅದನ್ನೂ ನೋಡಿಕೊಳ್ಳುತ್ತಾನೆ ಎಂದ. ತರ್ಕಪಂಡಿತ ಬರೆದದ್ದಾದರೂ ಅಜ್ಜಿ ಹೇಳಿದ ಹಾಗಿದೆ.

ಜಗಳ ಹುಟ್ಟಿದ್ದು ಹೆಸರುಗಳ ಮೇಲೆ. ಎಂಟನೆಯ ಶತಮಾನದಲ್ಲಿ ಅಲ್ದೆಬೆರ್ತ್ ಎಂಬ ಪ್ರಚಾರಕ ಫ್ರಾಂಕರ ನಾಡಿನಲ್ಲಿ (ಇಂದಿನ ಫ್ರಾನ್ಸ್, ಜರ್ಮನಿಯ ಕಡೆ) ತನ್ನ ಕೂದಲು, ಉಗುರಿನ ಚೂರುಗಳನ್ನೇ ಭಕ್ತರಿಗೆ ಹಂಚುತ್ತಿದ್ದ. ಅವನ ಪ್ರಾರ್ಥನೆಯಲ್ಲಿ ಎಂಟು ದೂತರ ಹೆಸರುಗಳಿದ್ದವು. 745ರಲ್ಲಿ ರೋಮಿನಲ್ಲಿ ಪೋಪ್ ಜಕರಿಯ ಸೇರಿಸಿದ ಸಭೆ, ಇವುಗಳಲ್ಲಿ ಮಿಕಾಯೇಲನನ್ನು ಬಿಟ್ಟರೆ ಮಿಕ್ಕವು ದೆವ್ವಗಳ ಹೆಸರು ಎಂದುಬಿಟ್ಟಿತು. ಮಿಕಾಯೇಲ, ಗಬ್ರಿಯೇಲ, ರಫಾಯೇಲ: ಈ ಮೂರೇ ಸಾಕು. 2001ರಲ್ಲಿ ವ್ಯಾಟಿಕನ್ ಹೊರತಂದ ಜನಭಕ್ತಿ ಕುರಿತ ಮಾರ್ಗದರ್ಶಿಯೂ ಅದನ್ನೇ ಹೇಳುತ್ತದೆ. 1,250 ವರ್ಷ ಕಳೆದ ಮೇಲೂ ಮತ್ತೆ ಹೇಳಬೇಕಾಯಿತೆಂದರೆ ಜನ ಹೆಸರಿಡುವುದನ್ನು ಬಿಟ್ಟಿಲ್ಲ ಎಂದೇ ಅರ್ಥ.

ಪ್ರೊಟೆಸ್ಟಂಟ್ ಸುಧಾರಕರೂ ದೂತರನ್ನು ಓಡಿಸಿಬಿಡಲಿಲ್ಲ. ಲೂಥರ್ 1529ರ ಕಿರು ಧರ್ಮಬೋಧೆಯಲ್ಲಿ ಕೊಟ್ಟ ಬೆಳಗಿನ ಮತ್ತು ರಾತ್ರಿಯ ಎರಡೂ ಪ್ರಾರ್ಥನೆಗಳಲ್ಲಿ ದೂತನ ಕಾವಲನ್ನು ಕೇಳಲಾಗಿದೆ. ಆದರೆ ಕೇಳುವುದು ದೇವರನ್ನು, ದೂತನನ್ನಲ್ಲ. ಕಾಲ್ವಿನ್ ಇನ್ನೂ ಹುಷಾರಿ. ತಲೆಗೊಬ್ಬ ದೂತ ಎಂದು ಖಚಿತವಾಗಿ ಹೇಳಲಾರೆ, ಎಲ್ಲ ದೂತರೂ ಸೇರಿ ನಮ್ಮನ್ನು ಕಾಯುತ್ತಿರುವಾಗ ಒಬ್ಬನಿಗಾಗಿ ಏಕೆ ತಡಕಾಡಬೇಕು ಎಂಬುದು ಅವನ ವಾದ. ನನಗೇನೋ ಈ ವಾದದಲ್ಲಿ ಲೆಕ್ಕ ಸರಿಯಿದೆ, ಮಕ್ಕಳನ್ನು ಮಲಗಿಸಲು ಮಾತ್ರ ಆಗುವುದಿಲ್ಲ ಅನಿಸುತ್ತದೆ.

ಕಥೋಲಿಕರ ಕಡೆ ಪೋಪ್ 5ನೇ ಪೌಲ್ 1608ರಲ್ಲಿ ಕಾವಲು ದೂತರ ಹಬ್ಬಕ್ಕೆ ಒಪ್ಪಿಗೆ ಕೊಟ್ಟ. 1670ರಲ್ಲಿ 10ನೇ ಕ್ಲೆಮೆಂಟ್ ಅದನ್ನು ಅಕ್ಟೋಬರ್ 2ಕ್ಕೆ ಗೊತ್ತುಮಾಡಿದ. ಆಮೇಲೆ ಬಣ್ಣದ ಅಚ್ಚಿನ ಚಿತ್ರಗಳ ಕಾಲ ಬಂತು. ಮುರಿದ ಮರದ ಸೇತುವೆ, ಕೆಳಗೆ ಭೋರ್ಗರೆಯುವ ನೀರು, ಕೈಹಿಡಿದು ದಾಟುವ ಅಕ್ಕ ತಮ್ಮ, ಅವರ ಹಿಂದೆ ರೆಕ್ಕೆ ಬಿಚ್ಚಿ ನಿಂತ ದೂತ. ಮಕ್ಕಳು ಮಾತ್ರ ಹಿಂದಿರುಗಿ ನೋಡುವುದಿಲ್ಲ. ಎಷ್ಟೋ ಮನೆಗಳ ಗೋಡೆಯಲ್ಲಿ ಜೆರೋಮ್, ಅಕ್ವಿನಾಸರ ಕೆಲಸವನ್ನು ಮಾಡಿದ್ದು ಈ ಚಿತ್ರವೇ.

ತೀರಿಕೊಂಡ ಮಗು ದೂತವಾಯಿತು ಎನ್ನುವ ಮಾತು ಕೂಡ ಜನ ಮುಂದೆ ಓಡಿದ್ದಕ್ಕೆ ಸಾಕ್ಷಿ. ಬೋಧನೆಯ ಪ್ರಕಾರ ದೂತರದೇ ಬೇರೆ ಸೃಷ್ಟಿ, ಮನುಷ್ಯ ಸತ್ತು ದೂತನಾಗುವುದಿಲ್ಲ. ಮಗುವನ್ನು ಮಣ್ಣು ಮಾಡಿ ಬಂದ ತಾಯಿಯ ಮುಂದೆ ಯಾವ ಪಾದ್ರಿಯೂ ಈ ತಿದ್ದುಪಡಿ ಮಾಡಲು ಹೋಗಲಾರ.

ನಮ್ಮ ಮಂಗಳೂರಿನ ನಾಗೋರಿಯಲ್ಲೂ ಒಂದು ಇಗರ್ಜಿ ಕಾವಲು ದೂತನಿಗೆ ಮೀಸಲಾಗಿದೆ. ಜನ ಆಂಜೆಲೊರ್ ಚರ್ಚ್ ಎನ್ನುತ್ತಾರೆ. ಅಲ್ಲಿಯೂ ದೂತನಿಗೆ ಹೆಸರಿಲ್ಲ. ಬರೀ ಕಾವಲು ದೂತ.