ರೆಕ್ಕೆ ಇದೆಯಲ್ಲ, ಮೇಲಕ್ಕೆ ಹಾರಬಾರದೇ?

ಪ್ರಶ್ನೆ: ಹವಾಮಾನ ಬದಲಾವಣೆಯಿಂದ ಹವಾಯಿಯ ಕಾಡುಹಕ್ಕಿಗಳಿಗೆ ಮಲೇರಿಯಾ ಹೆಚ್ಚಾಗಿದೆಯಂತೆ. ಸೆಕೆ ಏರಿದರೆ ಅವು ಬೆಟ್ಟದ ಇನ್ನಷ್ಟು ಮೇಲಕ್ಕೆ ಹೋಗಬಹುದಲ್ಲ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಇರಲಿ, ಇನ್ನೊಮ್ಮೆ.

ಮೊದಲು ರೋಗದ ವಿಷಯ. ಹಕ್ಕಿಗಳು ಸೆಕೆಗೆ ಸಾಯುತ್ತಿಲ್ಲ. ಹವಾಯಿಯಲ್ಲಿ ಮೂಲತಃ ಸೊಳ್ಳೆಯೇ ಇರಲಿಲ್ಲ. 1826ರ ಸುಮಾರಿಗೆ ಹಡಗಿನ ನೀರಿನ ಪೀಪಾಯಿಯಲ್ಲಿ ಬಂದಿಳಿದದ್ದು ಕ್ಯೂಲೆಕ್ಸ್ ಸೊಳ್ಳೆ. ನಮ್ಮ ಚರಂಡಿಗಳಲ್ಲಿ ಹುಟ್ಟುವ, ಕರಾವಳಿಯಲ್ಲಿ ಆನೆಕಾಲು ರೋಗ ಹರಡಿದ ಅದೇ ಸೊಳ್ಳೆ. ಹಕ್ಕಿ ಮಲೇರಿಯಾದ ರೋಗಾಣು ಬಂದದ್ದು ಆಮೇಲೆ, ಹೊರಗಿನಿಂದ ತಂದ ಹಕ್ಕಿಗಳ ಮೈಯಲ್ಲಿ. ಸೊಳ್ಳೆಯ ಹೊಟ್ಟೆ ಸೇರಿದ ರೋಗಾಣು ಬೆಳೆದು ಅದರ ಜೊಲ್ಲಿಗೆ ಇಳಿಯಲು ದಿನಗಳು ಬೇಕು. ಸೊಳ್ಳೆಗೆ ಸ್ವಂತ ಮೈಕಾವಿಲ್ಲ. ಸುತ್ತಲ ಗಾಳಿ ತಣ್ಣಗಿದ್ದರೆ ಅದೂ ತಣ್ಣಗಿರುತ್ತದೆ. ಸುಮಾರು 13 ಡಿಗ್ರಿಗಿಂತ ಕೆಳಗೆ ರೋಗಾಣುವಿನ ಬೆಳವಣಿಗೆ ನಿಂತೇಹೋಗುತ್ತದೆ. ಎತ್ತರದ ತಂಪು ಕಾಡು ಹಕ್ಕಿಗಳಿಗೆ ಕೋಟೆಯಾಗಿದ್ದುದು ಹೀಗೆ. ಈಗ ಆ ತಂಪು ಕರಗುತ್ತಿದೆ, ಸೊಳ್ಳೆ ಮೇಲೇರುತ್ತಿದೆ.

ಇನ್ನು ರೆಕ್ಕೆಯ ಮಾತು. ಹಾರಬೇಕು, ಸರಿ. ಎಲ್ಲಿಗೆ?

ಕವಾಯಿ ದ್ವೀಪವನ್ನೇ ನೋಡಿ. ಅಲ್ಲಿನ ಹಕ್ಕಿಗಳು ಉಳಿದಿದ್ದುದು 1,200–1,300 ಮೀಟರ್ ಎತ್ತರದ ಅಲಕಾಯಿ ಪ್ರಸ್ಥಭೂಮಿಯಲ್ಲಿ. ದ್ವೀಪದ ಅತಿ ಎತ್ತರದ ಶಿಖರವೇ ಸುಮಾರು 1,600 ಮೀಟರ್. ಅದರಾಚೆ ಬರೀ ಆಕಾಶ. ಕಾಂಡದ ಮೇಲೆ ತೆವಳುತ್ತ ಹುಳು ಹೆಕ್ಕುವ ಅಕಿಕಿಕಿ ಎಂಬ ಬೂದುಬಣ್ಣದ ಪುಟ್ಟ ಹಕ್ಕಿ 2023ರ ಹೊತ್ತಿಗೆ ಆ ಕಾಡಿನಲ್ಲಿ ಐದೇ ಐದು ಉಳಿದಿತ್ತು. ಅದಕ್ಕೂ ರೆಕ್ಕೆ ಇತ್ತು.

‘ಹವಾಯಿಯ ದೊಡ್ಡ ದ್ವೀಪದಲ್ಲಿ ನಾಲ್ಕು ಸಾವಿರ ಮೀಟರ್ ದಾಟುವ ಮೌನಾ ಕೇಯ ಇದೆಯಲ್ಲ’ ಎನ್ನುವ ಜಾಣರಿದ್ದಾರೆ. ಇದೆ. ಆದರೆ ಹಕ್ಕಿಗೆ ಬೇಕಾದದ್ದು ಎತ್ತರವಲ್ಲ, ಕಾಡು. ಸುಮಾರು ಎರಡು ಸಾವಿರ ಮೀಟರ್ ಮೇಲೆ ಮೋಡಗಳು ಏರುವುದು ಅಪರೂಪ, ನೆಲ ಒಣ. ಕಾಡು ಬೆಳೆಯಬಹುದಾಗಿದ್ದ ಇಳಿಜಾರುಗಳನ್ನೂ ಬಹುಪಾಲು ದನ, ಕುರಿಗಳು ಮೇಯ್ದು ಹುಲ್ಲುಗಾವಲಾಗಿಸಿವೆ. ಹಕ್ಕಿ ಒಂದು ಬೆಳಗಿನಲ್ಲಿ ಹಾರೀತು, ಮರ ಹಾರೀತೇ?

ಎಲ್ಲಕ್ಕಿಂತ ಕ್ರೂರವಾದದ್ದು ಕೆಂಪು ಹಕ್ಕಿ ಇಈವಿಯ ಕಥೆ. ಅದು ಚೆನ್ನಾಗಿಯೇ ಹಾರುತ್ತದೆ. ಓಹಿಯಾ ಮರದ ಮಕರಂದ ಅದರ ಊಟ. ಹೂ ಎಲ್ಲಿ ಬಿಟ್ಟಿದೆಯೋ ಅಲ್ಲಿಗೆ ಹೋಗುತ್ತದೆ. ಕೆಳಗಿನ ಕಾಡು ಹೂಬಿಟ್ಟರೆ ಸೊಳ್ಳೆಗಳ ಬಾಯಿಗೇ ಇಳಿಯುತ್ತದೆ. ಪ್ರಯೋಗವೊಂದರಲ್ಲಿ ಸೋಂಕಿನ ಸೊಳ್ಳೆ ಒಂದೇ ಒಂದು ಬಾರಿ ಕಚ್ಚಿದ ಇಈವಿಗಳಲ್ಲಿ ನೂರಕ್ಕೆ ತೊಂಬತ್ತು ಸತ್ತವು. ರೆಕ್ಕೆಯೇ ಅದನ್ನು ಸಾವಿನ ಕಡೆ ಒಯ್ಯುತ್ತದೆ. ದಯವಿಟ್ಟು ಇನ್ನು ಈ ರೆಕ್ಕೆಯ ಪ್ರಶ್ನೆ ಬೇಡ.

ಯಾರೂ ಕೇಳದ ಒಂದು ವಿಷಯವಿದೆ, ಹೇಳದೆ ಇರಲಾರೆ. ಹಕ್ಕಿ ಮಲೇರಿಯಾ ಮನುಷ್ಯರಿಗೆ ಬರುವುದಿಲ್ಲ. ಆದರೆ ಮಲೇರಿಯಾ ಸೊಳ್ಳೆಯಿಂದ ಹೇಗೆ ದಾಟುತ್ತದೆಂಬುದನ್ನು 1898ರಲ್ಲಿ ಕಲ್ಕತ್ತೆಯಲ್ಲಿ ರೊನಾಲ್ಡ್ ರಾಸ್ ಹಂತಹಂತವಾಗಿ ತೋರಿಸಿದ್ದು ಹಕ್ಕಿಗಳಲ್ಲೇ. ಅದೇ ರಾಸ್ 1883ರಲ್ಲಿ ಬೆಂಗಳೂರಿನಲ್ಲಿ ಸೇನೆಯ ವೈದ್ಯರಾಗಿದ್ದಾಗ, ಬಂಗಲೆಯ ಹೊರಗಿನ ನೀರಿನ ತೊಟ್ಟಿಯಲ್ಲಿ ಮರಿಗಳು ಮಿಜಿಗುಡುವುದನ್ನು ಕಂಡು ತೊಟ್ಟಿಯನ್ನು ಬೋರಲು ಹಾಕಿ ಸೊಳ್ಳೆ ಕಾಟ ತಗ್ಗಿಸಿಕೊಂಡಿದ್ದರು.

ಹವಾಯಿಯ ಕಾಡಿನಲ್ಲಿ ಆ ಉಪಾಯ ನಡೆಯದು. ಕಾಡುಹಂದಿಗಳು ಮರಜರಿಯ ಕಾಂಡಗಳನ್ನು ತಿಂದು ಟೊಳ್ಳಾಗಿಸುತ್ತವೆ, ಮಳೆನೀರು ತುಂಬಿ ಒಂದೊಂದೂ ಪುಟ್ಟ ತೊಟ್ಟಿಯಾಗುತ್ತದೆ. ಅವನ್ನೆಲ್ಲ ಬೋರಲು ಹಾಕುವವರಾರು? ಅದಕ್ಕೇ 2023ರಿಂದ ಮಾವಿ ದ್ವೀಪದಲ್ಲಿ ಹೆಲಿಕಾಪ್ಟರ್‌ಗಳಿಂದ ಗಂಡು ಸೊಳ್ಳೆಗಳನ್ನು ಬಿಡುತ್ತಿದ್ದಾರೆ. ಅವುಗಳೊಳಗೆ ಬೇರೊಂದು ತಳಿಯ ವೊಲ್ಬಾಕಿಯಾ ಬ್ಯಾಕ್ಟೀರಿಯಾ ಇರುತ್ತದೆ. ಅವುಗಳ ಜೊತೆ ಕೂಡಿದ ಹೆಣ್ಣಿನ ಮೊಟ್ಟೆ ಒಡೆಯುವುದಿಲ್ಲ. ಗಂಡು ಸೊಳ್ಳೆ ಕಚ್ಚುವುದಿಲ್ಲ. ಮುಂದಿನ ಪತ್ರ ಅದರ ಬಗ್ಗೆಯೇ ಬರುತ್ತದೆಂದು ಗೊತ್ತಿದ್ದು ಈಗಲೇ ಹೇಳಿಬಿಟ್ಟಿದ್ದೇನೆ.