ಬಿಸಿಲು ಬಿದ್ದ ಮೇಲೆ ಜಾರುವ ಹಿಮ

ಅಡಿಕೆಯ ಕೊನೆಕೊಯ್ಲು ಮುಗಿದ ಕೂಡಲೇ ಹಿಮದಲ್ಲಿ ನಡೆಯಲು ಉತ್ತರಾಖಂಡ, ಹಿಮಾಚಲಕ್ಕೆ ಹೊರಡುವ ಹುಡುಗರು ಈಗ ಶಿರಸಿಯಲ್ಲೂ ಇದ್ದಾರೆ, ಕಾರವಾರದಲ್ಲೂ ಇದ್ದಾರೆ. ಗುಡ್ಡ ಕುಸಿಯುವುದು ಎಂದರೆ ಏನು ಅಂತ ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2009ರ ಅಕ್ಟೋಬರಿನಲ್ಲಿ ಕಡವಾಡ, 2024ರ ಜುಲೈ 16ರಂದು ಅಂಕೋಲೆಯ ಶಿರೂರು. ಹಾಗಾಗಿ ನಮ್ಮ ತಲೆಯಲ್ಲಿ ಒಂದು ಲೆಕ್ಕ ಕೂತುಬಿಟ್ಟಿದೆ: ಜಡಿಮಳೆಯಲ್ಲಿ ಗುಡ್ಡದ ಬುಡಕ್ಕೆ ಹೋಗಬಾರದು, ಹೊಳವಾದ ಮೇಲೆ ಹೊರಡಬೇಕು. ಹಿಮಾಲಯದ ಹಿಮಕುಸಿತದ ವಿಷಯದಲ್ಲಿ ಈ ಲೆಕ್ಕ ಕೈಕೊಡುತ್ತದೆ.

ಹಿಮ ಸುರಿಯುವಾಗ ಅಪಾಯ ಇದ್ದೇ ಇದೆ. ಆದರೆ ಆಗ ಯಾರೂ ಟೆಂಟ್ ಬಿಟ್ಟು ಹೊರಡುವುದಿಲ್ಲ ಅಲ್ವಾ? ಸುರಿದು ನಿಂತು, ಆಕಾಶ ತಿಳಿಯಾದ ಮೊದಲ ಒಂದೆರಡು ದಿನ ಜನ ಖುಷಿಯಿಂದ ಹತ್ತುತ್ತಾರೆ. ಹೊಸ ಹಿಮ ಆಗಿನ್ನೂ ಕೆಳಗಿನದಕ್ಕೆ ಬೆಸೆದುಕೊಂಡಿರುವುದಿಲ್ಲ.

ಚಳಿಗಾಲದ ಹಿಮ ಪದರ ಪದರವಾಗಿರುತ್ತದೆ. ಮೊದಮೊದಲು ತೆಳುವಾಗಿ ಬಿದ್ದ ಹಿಮದ ಅಡಿಯಲ್ಲಿ ನೆಲ ಹೆಚ್ಚುಕಡಿಮೆ 0 ಡಿಗ್ರಿಯಲ್ಲಿದ್ದರೆ, ಮೇಲ್ಮೈ ರಾತ್ರಿ ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಈ ವ್ಯತ್ಯಾಸದಿಂದ ಹಿಮದೊಳಗಿನ ಆವಿ ಮೇಲಕ್ಕೆ ಸರಿಯುತ್ತಾ ಹರಳುಗಳ ರೂಪವನ್ನೇ ಬದಲಿಸುತ್ತದೆ. ದಪ್ಪನೆಯ, ಮೂಲೆಮೂಲೆಯ, ಒಂದಕ್ಕೊಂದು ಅಂಟದ ಹರಳುಗಳು ಹುಟ್ಟುತ್ತವೆ. ಉಂಡೆ ಕಟ್ಟಲು ಹೋದರೆ ಸಕ್ಕರೆಯ ಹಾಗೆ ಬೆರಳಸಂದಿಯಿಂದ ಉದುರುತ್ತವೆ. ಇದರ ಮೇಲೆ ಹೊಸ ಹಿಮ ಕೂತು ಬಿಗಿಯಾದ ಚಪ್ಪಡಿಯಾಗುತ್ತದೆ. ಗಾಳಿಯೂ ಇದಕ್ಕೆ ಕೈಜೋಡಿಸುತ್ತದೆ. ಬೆಟ್ಟದ ಏಣಿನ ಈ ಬದಿಯಿಂದ ಹಿಮವನ್ನು ಎತ್ತಿ ಆ ಬದಿಯ ಇಳಿಜಾರಿಗೆ ಪೇರಿಸುತ್ತದೆ, ಅದೂ ತುಣುಕು ಮೋಡ ಇಲ್ಲದ ದಿನ.

ಶಿರೂರಿನಲ್ಲಿ ಹೆದ್ದಾರಿ ಬದಿಯಲ್ಲಿದ್ದವರು ಗುಡ್ಡಕ್ಕೆ ಏನೂ ಮಾಡಿರಲಿಲ್ಲ. ಹಿಮದಲ್ಲಿ ಹಾಗಲ್ಲ. ಚಾರಣಿಗರ ಜೀವ ತೆಗೆಯುವ ಹಿಮಕುಸಿತಗಳಲ್ಲಿ ಬಹುಪಾಲನ್ನು ಅವರೇ, ಇಲ್ಲವೇ ಅವರ ತಂಡದವರೇ ಎಬ್ಬಿಸಿರುತ್ತಾರೆ. ಕಾಲಿನ ಭಾರಕ್ಕೆ ಅಡಿಯ ಸಡಿಲ ಪದರ ಕುಸಿಯುತ್ತದೆ, ಬಿರುಕು ಕ್ಷಣದಲ್ಲಿ ಇಡೀ ಇಳಿಜಾರಿಗೆ ಹಬ್ಬುತ್ತದೆ, ನಿಂತ ಜಾಗಕ್ಕಿಂತ ಮೇಲಿನಿಂದಲೇ ಚಪ್ಪಡಿ ಕಳಚಿ ಬರುತ್ತದೆ. ಮುಂದೆ ಹೋದ ಐದು ಜನರಿಗೆ ಏನೂ ಆಗಲಿಲ್ಲ ಎಂದರೆ ಆರನೆಯವನಿಗೂ ಆಗುವುದಿಲ್ಲ ಎಂದಲ್ಲ. ಚಪ್ಪಡಿ ಹೆಚ್ಚಾಗಿ ಜಾರುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಇಳಿಜಾರು ಅಳೆಯಲು ಮೊಬೈಲ್ ಸಾಕು. ಕಾಲಡಿ ಧಸಕ್ ಎಂದು ಹಿಮ ಕೂತ ಸದ್ದಾದರೆ ಅಳೆಯುತ್ತಾ ನಿಲ್ಲಬಾರದು, ಬಂದ ದಾರಿಯಲ್ಲೇ ವಾಪಸಾಗಬೇಕು.

2016ರ ಫೆಬ್ರವರಿಯಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಸಿಯಾಚಿನ್ ಹಿಮದಡಿ ಆರು ದಿನ ಕಳೆದು ಜೀವಂತ ಸಿಕ್ಕರು. ಆಮೇಲೆ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಜತೆಗಿದ್ದ ಒಂಬತ್ತು ಯೋಧರು ಉಳಿಯಲಿಲ್ಲ. ಹಿಮದಡಿ ಅಷ್ಟು ದಿನ ಜೀವ ಹಿಡಿದಿರುವುದು ತೀರಾ ಅಪರೂಪ. ಸಾಮಾನ್ಯವಾಗಿ ಹೂತುಹೋದವರಿಗೆ ಸಿಗುವುದು ಹತ್ತು-ಹದಿನೈದು ನಿಮಿಷ. ಅಷ್ಟರೊಳಗೆ ಅಗೆದು ತೆಗೆದರೆ ಹೆಚ್ಚಿನವರು ಬದುಕುತ್ತಾರೆ, ಅರ್ಧ ಗಂಟೆ ದಾಟಿದರೆ ಕಷ್ಟ. ಬಿಟ್ಟ ಉಸಿರೇ ಸುತ್ತ ತುಂಬಿ ಉಸಿರುಗಟ್ಟುತ್ತದೆ. ಹೆಲಿಕಾಪ್ಟರ್ ಅಷ್ಟರಲ್ಲಿ ಬರುವುದಿಲ್ಲ, ಪಕ್ಕದಲ್ಲಿದ್ದವರೇ ಅಗೆಯಬೇಕು. ಅದಕ್ಕೆ ಪ್ರತಿಯೊಬ್ಬರ ಮೈಮೇಲೆ ಟ್ರಾನ್ಸ್‌ಸೀವರ್ (ಹೂತವರು ಎಲ್ಲಿದ್ದಾರೆಂದು ತೋರಿಸುವ ರೇಡಿಯೊ ಸಾಧನ), ಚೀಲದಲ್ಲಿ ಉದ್ದನೆಯ ಚುಚ್ಚುಕೋಲು ಮತ್ತು ಸಲಿಕೆ ಇರಬೇಕು. ನಮ್ಮವರು ಬಾಡಿಗೆ ಜಾಕೆಟ್ ಬಗ್ಗೆ ಹತ್ತು ಸಲ ಕೇಳುತ್ತಾರೆ, ಸಲಿಕೆ ಕೇಳಿದ್ದನ್ನು ನಾನಂತೂ ಕಾಣೆ.

ರಕ್ಷಣಾ ಸಂಶೋಧನೆ ನಡೆಸುವ ಡಿಆರ್‌ಡಿಒದ ಚಂಡೀಗಢದ ಸಂಸ್ಥೆ ಡಿಜಿಆರ್‌ಇ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ. ಗೈಡ್ ಅದನ್ನು ನೋಡುತ್ತಾರಾ, ಹೊಸ ಹಿಮ ಬಿದ್ದರೆ ಎರಡು ದಿನ ಸುಮ್ನೆ ಕೂರಲು ಪ್ಯಾಕೇಜಿನಲ್ಲಿ ಬಿಡುವಿದೆಯಾ ಎಂದು ದುಡ್ಡು ಕಟ್ಟುವ ಮೊದಲೇ ಕೇಳಿ. ಎಷ್ಟೋ ಸಲ ಇರುವುದಿಲ್ಲ, ವಾಪಸ್ ಬರುವ ರೈಲಿನ ಟಿಕೆಟ್ ಆಗಲೇ ಬುಕ್ ಆಗಿರುತ್ತದೆ.